ಮನೆಗೆ ದುಡ್ಡಿದೆ, ನೆಲಕ್ಕಿಲ್ಲ

ಪ್ರಶ್ನೆ: ನಾನು ಮೈಸೂರಿನ ಕುವೆಂಪುನಗರದಲ್ಲಿರುವ ನಿವೃತ್ತ ಶಿಕ್ಷಕಿ. ಬಜೆಟ್ ಬಂದಾಗಲೆಲ್ಲ ಬಡವರಿಗೆ ಇಷ್ಟು ಲಕ್ಷ ಮನೆ ಎಂದು ಪೇಪರಿನಲ್ಲಿ ಓದುತ್ತೇನೆ. ಆದರೆ ಬೆಳಗಿನ ಜಾವ ಹೂವು ತರಲು ದೇವರಾಜ ಮಾರುಕಟ್ಟೆ ಕಡೆ ಹೋದರೆ ಜಗಲಿಗಳ ಮೇಲೆ ಮಲಗಿದವರು ಮೊದಲಿನಷ್ಟೇ ಇದ್ದಾರೆ. ಮಂಡ್ಯ ಜಿಲ್ಲೆಯ ನನ್ನ ತವರೂರಿನಲ್ಲಿ ನೋಡಿದರೆ ಅರ್ಧಕ್ಕೆ ನಿಂತ ಸರ್ಕಾರಿ ಮನೆಗಳು. ಇಷ್ಟೆಲ್ಲ ಖರ್ಚಾದರೂ ಯಾಕೆ ಹೀಗೆ? ಇನ್ನೂ ಹೆಚ್ಚು ದುಡ್ಡು ಹಾಕಿದರೆ ಸರಿಹೋಗುತ್ತದೆಯೇ? ನಮ್ಮ ರಸ್ತೆ ಮೂಲೆಯಲ್ಲಿ, ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ಅಜ್ಜಿ ಮಲಗುತ್ತಾರೆ. ಅವರಿಗೆ ನಾನೇನು ಮಾಡಬಹುದು?

ಉತ್ತರ: ಮೇಡಂ, ನಿಮ್ಮ ಪ್ರಶ್ನೆಯೊಳಗೆ ಇಬ್ಬರು ಬೇರೆ ಬೇರೆ ಮನುಷ್ಯರಿದ್ದಾರೆ. ಒಬ್ಬರು ನಿಮ್ಮ ತವರಿನಲ್ಲಿ ಲಿಂಟಲ್ ಮಟ್ಟಕ್ಕೆ, ಅಂದರೆ ಬಾಗಿಲಿನ ಮೇಲ್ತುದಿಯವರೆಗೆ, ಮನೆ ನಿಲ್ಲಿಸಿಕೊಂಡು ಕೂತವರು. ಇನ್ನೊಬ್ಬರು ಮಾರ್ಕೆಟ್ಟಿನ ಜಗಲಿ ಮೇಲೆ ಮಲಗಿದವರು. ಸರ್ಕಾರದ ವಸತಿ ದುಡ್ಡು ಹೆಚ್ಚುಕಡಿಮೆ ಪೂರ್ತಿ ಹರಿಯುವುದು ಮೊದಲನೆಯವರ ಕಡೆಗೆ, ಅದೂ ಸಾಕಾಗದಷ್ಟು. ಎರಡನೆಯವರ ಹತ್ತಿರ ಅದು ಸುಳಿಯುವುದೇ ಅಪರೂಪ. ಈ ಎರಡು ಜಿಲ್ಲೆಗಳಲ್ಲಿ ವಸತಿ ಯೋಜನೆಗಳ ಕೆಲಸ ಮಾಡಿಯೇ ನಾನು ನಿವೃತ್ತನಾದದ್ದು. ಇಷ್ಟು ವರ್ಷ ನೋಡಿದ ಮೇಲೆ ನನಗೆ ಖಚಿತವಾದದ್ದು ಒಂದೇ: ನಮ್ಮಲ್ಲಿ ಮನೆಗೆ ದುಡ್ಡಿದೆ, ನೆಲಕ್ಕಿಲ್ಲ.

ಬಸವ ವಸತಿ, ಅಂಬೇಡ್ಕರ್ ನಿವಾಸ, ದೇವರಾಜ ಅರಸು ವಸತಿ, ಪ್ರಧಾನಮಂತ್ರಿ ಆವಾಸ್ ಎಂದು ಹೆಸರು ಹಲವು. ಫಲಾನುಭವಿಯ ಮುಂದೆ ಬರುವ ಮೊದಲ ಪ್ರಶ್ನೆ ಮಾತ್ರ ಎಲ್ಲದರಲ್ಲೂ ಒಂದೇ, 'ನಿವೇಶನ ಇದೆಯೇ?' ಹಳ್ಳಿಯಲ್ಲಾದರೆ ಪಂಚಾಯ್ತಿಯ ಇ-ಸ್ವತ್ತಿನ ಆಸ್ತಿ ದಾಖಲೆ ಬೇಕು, ಇಲ್ಲವೇ ಹಕ್ಕುಪತ್ರ ಬೇಕು. ಜಾಗವಿಲ್ಲದ ಬಡವರಿಗೆ ರಾಜ್ಯವೇ ಜಾಗ ಒದಗಿಸಬೇಕೆಂದು ಪ್ರಧಾನಮಂತ್ರಿ ಆವಾಸ್ ಗ್ರಾಮೀಣದ ಮಾರ್ಗಸೂಚಿ ಹೇಳುತ್ತದೆ. ಆದರೆ ಊರಿನ ಹತ್ತಿರ ಸರ್ಕಾರಿ ಜಾಗ ಉಳಿದಿರುವುದು ಎಲ್ಲಿ? ಮಂಡ್ಯದ ನೀರಾವರಿ ಸೀಮೆಯಲ್ಲಿ ಗುಂಟೆ ಲೆಕ್ಕದಲ್ಲಿ ಗದ್ದೆ ಮಾರುತ್ತಾರೆ. ಗೋಮಾಳ ಇದ್ದ ಕಡೆ ಒತ್ತುವರಿ, ಇಲ್ಲವೇ ತಕರಾರು. ಹೀಗಾಗಿ ನಿವೇಶನರಹಿತರ ಪಟ್ಟಿಯಲ್ಲಿ ಹೆಸರು ಬರೆಸಿದವರು ವರ್ಷಗಟ್ಟಲೆ ಅಲ್ಲೇ ಉಳಿಯುತ್ತಾರೆ. ಜಾಗ ಇದ್ದವರಿಗೆ ಮನೆ ಮಂಜೂರಾಗುತ್ತದೆ.

ಮಂಜೂರಾದ ಮೇಲಾದರೂ ಸಲೀಸೇ? ಶ್ರೀರಂಗಪಟ್ಟಣ ತಾಲ್ಲೂಕಿನ ನಾಲೆ ಪಕ್ಕದ ಒಂದು ಹಳ್ಳಿಯಲ್ಲಿ ನಾನು ಕಂಡ ಒಂದು ಮನೆಯ ಕತೆ ಹೇಳುತ್ತೇನೆ. ಕಬ್ಬಿನ ಗದ್ದೆಗೆ ಕೂಲಿಗೆ ಹೋಗುವ ಹೆಣ್ಣುಮಗಳು, ಗಂಡ ಇಲ್ಲ, ಇಬ್ಬರು ಮಕ್ಕಳು. ನಮ್ಮ ರಾಜ್ಯದ ಯೋಜನೆಗಳಲ್ಲಿ ಅನುದಾನ ಕಂತಿನಲ್ಲಿ ಬರುತ್ತದೆ. ತಳಪಾಯ ಆಗಬೇಕು, ಪಂಚಾಯ್ತಿಯವರು ಬಂದು ಜಿಪಿಎಸ್ ಫೋಟೋ ತೆಗೆಯಬೇಕು, ಅದು ಕಂಪ್ಯೂಟರಿನಲ್ಲಿ ಒಪ್ಪಿಗೆ ಆಗಬೇಕು, ಆಮೇಲೆ ಖಾತೆಗೆ ದುಡ್ಡು. ಹಾಗೆಯೇ ಲಿಂಟಲ್ಲಿಗೆ, ಛಾವಣಿಗೆ. ಮಧ್ಯವರ್ತಿಗಳು ದುಡ್ಡು ನುಂಗಬಾರದು ಎಂದು ಮಾಡಿದ ಏರ್ಪಾಡು ಇದು, ಅದರಿಂದ ಒಳ್ಳೆಯದೂ ಆಗಿದೆ. ಆದರೆ ತಳಪಾಯಕ್ಕೆ ಬೇಕಾದ ಕಲ್ಲು, ಮರಳು, ಗಾರೆ ಕೆಲಸದವರ ಕೂಲಿ, ಇದನ್ನೆಲ್ಲ ಮೊದಲು ಹಾಕುವವರು ಯಾರು? ಆಕೆ ನನಗೆ ಹೇಳಿದ್ದು ಇಷ್ಟು: "ತಳಪಾಯ ಹಾಕ್ಸಕ್ಕೆ ಚೀಟಿ ಎತ್ಬುಟ್ಟೆ ಸಾ. ಸಂಘದಲ್ಲೂ ತಕ್ಕಂಡೆ. ಈಗ ವಾರ್ವಾರ ಕಟ್ಟದೇ ಆಗೋಗದೆ."

ಮೊದಲ ಕಂತು ಬರಲು ತಿಂಗಳುಗಳು ಹಿಡಿದವು. ಬಂದದ್ದು ಸಾಲದ ಬಡ್ಡಿಗೆ ಹೋಯಿತು. ಗೋಡೆಗೆಂದು ಮುಂಚೆಯೇ ತರಿಸಿದ್ದ ಸಿಮೆಂಟು ಮೂಟೆಗಳು ಪ್ಲಾಸ್ಟಿಕ್ ಹೊದಿಕೆಯಡಿ ಒಂದು ಮಳೆಗಾಲ ಕಳೆದವು. ನಾನು ಹೋದಾಗ ಅದರಲ್ಲೊಂದು ಮೂಟೆ ಅಂಗಳದ ನಲ್ಲಿ ಹತ್ತಿರ ಇತ್ತು. ಚೀಲ ಕಿತ್ತುಹೋಗಿದೆ, ಒಳಗಿನ ಸಿಮೆಂಟು ಮೂಟೆಯ ಆಕಾರದಲ್ಲೇ ಕಲ್ಲಾಗಿದೆ, ಚೀಲದ ನೇಯ್ಗೆಯ ಗೆರೆ ಕೂಡ ಮೈಮೇಲೆ ಹಾಗೇ ಮೂಡಿದೆ. ಆಕೆ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಹಿಂದೆ ಎದೆಯ ಎತ್ತರಕ್ಕೆ ನಿಂತ ಗೋಡೆ, ಅದರ ಮೂಲೆಗೆ ತೆಂಗಿನಗರಿ ಹೊದಿಸಿ ಮಾಡಿದ ಮಾಡು. ಕಡತದಲ್ಲಿ ಆ ಮನೆ 'ಪ್ರಗತಿಯಲ್ಲಿದೆ'. ಆ ಪದವನ್ನು ನಾನೇ ಎಷ್ಟೋ ಸಲ ಟೈಪ್ ಮಾಡಿಸಿದ್ದೇನೆ. ಅದರ ನೋವು ಇನ್ನೂ ಇದೆ.

ಈಗ ಲೆಕ್ಕಕ್ಕೆ ಬನ್ನಿ. ಬಯಲುಸೀಮೆಯಲ್ಲಿ ಪ್ರಧಾನಮಂತ್ರಿ ಆವಾಸ್ ಗ್ರಾಮೀಣದ ನೆರವು ಮನೆಗೆ 1.20 ಲಕ್ಷ ರೂಪಾಯಿ. ಇದು 2016ರಲ್ಲಿ ನಿಗದಿಯಾದ ಮೊತ್ತ. ನಮ್ಮ ರಾಜ್ಯ ಪರಿಶಿಷ್ಟ ಜಾತಿ, ಪಂಗಡದವರಿಗೆ ಹಳ್ಳಿಗಳಲ್ಲಿ 1.75 ಲಕ್ಷದವರೆಗೆ ಮಾಡಿದೆ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಸುಮಾರು ಎರಡೂಮುಕ್ಕಾಲು ಚದರ (ಒಂದು ಚದರ ಎಂದರೆ ನೂರು ಚದರ ಅಡಿ). ಚದರಕ್ಕೆ ಒಂದು ಲಕ್ಷದ ಎಂಬತ್ತು ಸಾವಿರ ಎಂದು ಕೈ ಬಿಗಿಹಿಡಿದು ಲೆಕ್ಕ ಹಾಕಿದರೂ ಐದು ಲಕ್ಷ ಮುಟ್ಟುತ್ತದೆ. ಅಂದಮೇಲೆ ಸುಮಾರು ಮೂರೂಕಾಲರಿಂದ ಮೂರೂಮುಕ್ಕಾಲು ಲಕ್ಷ ಆ ಕೂಲಿಯವರೇ ತರಬೇಕು. ಎಲ್ಲಿಂದ? ಬ್ಯಾಂಕು ಅವರನ್ನು ಹತ್ತಿರ ಸೇರಿಸುವುದಿಲ್ಲ, ಮೈಕ್ರೋಫೈನಾನ್ಸಿನವರು ಬಾಗಿಲಿಗೇ ಬರುತ್ತಾರೆ. 2025ರ ಜನವರಿಯಲ್ಲಿ ನಂಜನಗೂಡು, ಚಾಮರಾಜನಗರ ಕಡೆಯ ಹಳ್ಳಿಗಳಲ್ಲಿ ಸಾಲ ವಸೂಲಿಯ ಕಾಟಕ್ಕೆ ಹೆದರಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟದ್ದನ್ನು ನೀವೂ ಓದಿರುತ್ತೀರಿ. ಮುಂದಿನ ತಿಂಗಳೇ ಸರ್ಕಾರ ಸುಗ್ರೀವಾಜ್ಞೆ ತಂದಿತು. ಆ ಸಾಲಗಳಿಗೆ ಕಾರಣ ಹಲವು ಇರಬಹುದು. ಮನೆ ಕಟ್ಟಲು ಮಾಡಿದ ಸಾಲವೇ ಮನೆ ಬಿಡಿಸಿದ ಸಂಸಾರಗಳನ್ನು ನಾನು ಅದಕ್ಕೂ ಮುಂಚೆಯೇ ಕಂಡಿದ್ದೇನೆ.

ಆದ್ದರಿಂದ ಹಳ್ಳಿಯ ಮಟ್ಟಿಗೆ ನನ್ನ ಉತ್ತರ ಹೌದು, ಹೆಚ್ಚು ದುಡ್ಡು ಬೇಕು. ಅದಕ್ಕಿಂತ ಮುಖ್ಯವಾಗಿ ಮೊದಲ ಕಂತು ತಳಪಾಯಕ್ಕೆ ಮುಂಚೆ ಬರಬೇಕು. ಒಂದು ಲಕ್ಷ ಮನೆ ಘೋಷಿಸಿ ಅರ್ಧಕ್ಕೆ ನಿಲ್ಲಿಸುವುದಕ್ಕಿಂತ ನಲವತ್ತು ಸಾವಿರ ಮನೆ ಘೋಷಿಸಿ ಅಷ್ಟಕ್ಕೂ ಬಾಗಿಲು ಹಚ್ಚುವುದು ಮೇಲು. ರಾಜಕೀಯದವರಿಗೆ ಈ ಮಾತು ರುಚಿಸುವುದಿಲ್ಲ, ಗೊತ್ತು.

ಇನ್ನೊಂದು ಬಗೆಯ ಮನೆಯಿಲ್ಲದವರಿದ್ದಾರೆ, ಅವರು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಮಂಡ್ಯ ಕಡೆ ಹಳೆಯ ಹೆಂಚಿನ ಮನೆ ಹೊಕ್ಕು ನೋಡಿ. ಒಂದೇ ಸೂರಿನಡಿ ಮೂರು ಒಲೆ. ಅಣ್ಣತಮ್ಮಂದಿರು ಬೇರೆಯಾಗಿದ್ದಾರೆ, ಆದರೆ ಹೋಗಲು ಬೇರೆ ಜಾಗವಿಲ್ಲ. ಹಜಾರಕ್ಕೆ ಸೀರೆ ಅಡ್ಡ ಕಟ್ಟಿ ಒಂದು ಸಂಸಾರ, ಕೊಟ್ಟಿಗೆಯಲ್ಲಿ ಇನ್ನೊಂದು. 2012ರಲ್ಲಿ ಕೇಂದ್ರದ ತಜ್ಞರ ಗುಂಪು ದೇಶದ ನಗರಗಳಲ್ಲಿ 1.87 ಕೋಟಿಗೂ ಹೆಚ್ಚು ಮನೆಗಳ ಕೊರತೆ ಇದೆ ಎಂದು ಅಂದಾಜು ಮಾಡಿತು. ಅದರಲ್ಲಿ ಬೀದಿಯಲ್ಲಿರುವವರ ಪಾಲು ಚಿಕ್ಕದು, ಸುಮಾರು ಐದು ಲಕ್ಷ. ಹತ್ತರಲ್ಲಿ ಎಂಟು ಪಾಲು ಹೀಗೆ ಇಕ್ಕಟ್ಟಿನಲ್ಲಿ ಒತ್ತಿಕೊಂಡು ಬದುಕುವವರದ್ದು. ಅದೇ ಹೊತ್ತಿಗೆ, 2011ರ ಜನಗಣತಿಯಂತೆ, ದೇಶದ ನಗರಗಳಲ್ಲಿ ಬೀಗ ಹಾಕಿ ಖಾಲಿ ಬಿಟ್ಟಿದ್ದ ಮನೆಗಳು 1.1 ಕೋಟಿ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನು ಮಾರ್ಕೆಟ್ಟಿನ ಜಗಲಿಗೆ ಬರೋಣ. ಅಲ್ಲಿ ಮಲಗಿದವರೆಲ್ಲ ಭಿಕ್ಷುಕರು ಎಂದು ಬಹಳ ಜನ ತಿಳಿದಿದ್ದಾರೆ. ಒಂದು ದಿನ ನಾಲ್ಕು ಗಂಟೆಗೆ ಹೋಗಿ ನೋಡಿ. ಹೂವಿನ ಲಾರಿ ಬರುತ್ತಿದ್ದಂತೆ ಎದ್ದು ಕಂಬಳಿ ಸುತ್ತಿಟ್ಟು ಮೂಟೆ ಇಳಿಸಲು ಓಡುವವರು ಅವರೇ. ಬಂಡೀಪಾಳ್ಯದ ಎಪಿಎಂಸಿಯಲ್ಲಿ ಹಮಾಲಿ ಮಾಡುವವರು, ಹೋಟೆಲ್ ಪಾತ್ರೆ ತೊಳೆಯುವವರು, ಮದುವೆ ಛತ್ರಗಳಲ್ಲಿ ಬಡಿಸಲು ಹೋಗುವವರು ಈ ಜಗಲಿಗಳಲ್ಲಿ ಇದ್ದಾರೆ. ಊರಾಚೆ ಹದಿನೈದು ಕಿಲೋಮೀಟರ್ ದೂರದಲ್ಲಿ ಇವರಿಗೆ ಒಂದು ಮನೆ ಕೊಟ್ಟರೂ ಬೆಳಗಿನ ನಾಲ್ಕಕ್ಕೆ ಬಸ್ಸೆಲ್ಲಿ? 1985ರಲ್ಲಿ ಬೊಂಬಾಯಿಯ ಫುಟ್‌ಪಾತ್ ನಿವಾಸಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗುರುತಿಸಿತ್ತು: ಜನ ಅಲ್ಲಿ ಮಲಗುವುದು ಕೆಲಸ ಅಲ್ಲಿ ಹತ್ತಿರ ಇರುವುದರಿಂದ, ಅವರನ್ನು ಎತ್ತಂಗಡಿ ಮಾಡಿದರೆ ಹೊಟ್ಟೆಪಾಡನ್ನೇ ಕಿತ್ತುಕೊಂಡಂತೆ.

ಈ ಮಾತನ್ನು ಮರೆತದ್ದರ ಬೆಲೆ ದೇಶ ತೆತ್ತಿದೆ. ನಗರಗಳ ಅಭಿವೃದ್ಧಿಗೆಂದು ಕೇಂದ್ರ 2005ರಲ್ಲಿ ಶುರುಮಾಡಿದ ನರ್ಮ್ ಯೋಜನೆಗೆ ಕರ್ನಾಟಕದಿಂದ ಆಯ್ಕೆಯಾದದ್ದು ಬೆಂಗಳೂರು ಮತ್ತು ಮೈಸೂರು. ಆ ಯೋಜನೆಯಡಿ ಬಡವರಿಗೆಂದು ದೇಶದುದ್ದಕ್ಕೂ ಬಹುಮಹಡಿ ಮನೆಗಳನ್ನು ಕಟ್ಟಲಾಯಿತು. ಎಷ್ಟೋ ಕಡೆ ಅವು ಊರಿನ ಅಂಚಿನಲ್ಲಿದ್ದವು. ನೀರು, ಬಸ್ಸು, ಶಾಲೆ ಇಲ್ಲದೆ ಜನ ಹೋಗಲಿಲ್ಲ, ಹೋದವರೂ ವಾಪಸ್ ಬಂದರು. 2020ರಲ್ಲಿ, ಲಾಕ್‌ಡೌನಿನಲ್ಲಿ ಕಾರ್ಮಿಕರು ಹೆದ್ದಾರಿಯಲ್ಲಿ ನಡೆದು ಊರು ಸೇರಿದ ಮೇಲೆ, ಹೀಗೆ ಖಾಲಿ ಬಿದ್ದ 80 ಸಾವಿರಕ್ಕೂ ಹೆಚ್ಚು ಮನೆಗಳನ್ನು ಕಡಿಮೆ ಬಾಡಿಗೆಗೆ ಕೊಡುವ ಯೋಜನೆಯನ್ನು ಕೇಂದ್ರ ತಂದಿತು. ಹತ್ತರಲ್ಲಿ ಒಂದು ಪಾಲಿನಷ್ಟೂ ಆಗಲಿಲ್ಲ. ಬಾಡಿಗೆ ಮನೆ ಕೊಡಬೇಕು ಎಂಬ ಆಲೋಚನೆ ಮಾತ್ರ ಸರಿಯಾದದ್ದು, ಅದನ್ನು ನಾನು ಬಲವಾಗಿ ಬೆಂಬಲಿಸುತ್ತೇನೆ. 2024ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಆವಾಸ್ ನಗರ 2.0ರಲ್ಲೂ ಬಾಡಿಗೆ ಮನೆಗೆ ಒಂದು ಭಾಗ ಇದೆ.

ಬಾಡಿಗೆ ಎಂದಾಗ ನಿಮ್ಮ ವಯಸ್ಸಿನ ಮೈಸೂರಿನವರಿಗೆ ವಠಾರ ನೆನಪಾಗದೆ ಇರದು. ಒಂದು ಬಾವಿ, ಒಂದು ಅಂಗಳ, ಸುತ್ತ ಎಂಟು ಹತ್ತು ಮನೆ, ಸಾಲಾಗಿ ಕಕ್ಕಸು. ಸೌಕರ್ಯ ಕಮ್ಮಿ, ಜಗಳ ಹೆಚ್ಚು. ಆದರೆ ಪೇಟೆಯ ನಡುಮಧ್ಯೆ ಗುಮಾಸ್ತರು, ಅಡುಗೆಯವರು, ಬೀಡಿ ಕಟ್ಟುವವರು ಅಗ್ಗದ ಬಾಡಿಗೆಗೆ ಬದುಕಿದ್ದು ಅಲ್ಲೇ. ಸರ್ಕಾರದ ಒಂದು ಪೈಸೆ ಇಲ್ಲದೆ ನಡೆದ ಬಡವರ ವಸತಿ ಅದು. ಅಗ್ರಹಾರ, ಮಂಡಿ ಮೊಹಲ್ಲಾ, ನಜರಬಾದ್ ಕಡೆ ಈಗ ವಠಾರ ಒಡೆದ ಜಾಗದಲ್ಲಿ ಅಪಾರ್ಟ್‌ಮೆಂಟು, ಪಿಜಿ, ಲಾಡ್ಜು. ಹೋದ ವಠಾರಗಳಿಗೆ ಬದಲಿಯಾಗಿ ಏನೂ ಬರಲಿಲ್ಲ. ಇವತ್ತು ಒಂದು ಕೋಣೆ ಹಿಡಿಯಬೇಕಾದರೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವವರಿದ್ದಾರೆ. ದಿನಗೂಲಿಯವರ ಹತ್ತಿರ ತಿಂಗಳ ಬಾಡಿಗೆ ಇರಬಹುದು, ಆ ಅಡ್ವಾನ್ಸ್ ಇರುವುದಿಲ್ಲ. ಜಗಲಿಗೂ ಕೋಣೆಗೂ ನಡುವೆ ಇರುವ ಗೋಡೆ ಎಷ್ಟೋ ಸಲ ಅದೊಂದೇ. ಪಾಲಿಕೆ ಆ ಅಡ್ವಾನ್ಸಿಗೆ ಜಾಮೀನು ನಿಂತರೂ ಸಾಕು, ಮನೆ ಕಟ್ಟುವ ಖರ್ಚಿನಲ್ಲಿ ಸಣ್ಣ ಪಾಲಿನಲ್ಲಿ ಹಲವು ಸಂಸಾರಗಳು ಒಳಗೆ ಹೋಗುತ್ತವೆ. ನಾನು ಸೇವೆಯಲ್ಲಿದ್ದಾಗ ಒಂದು ಸಭೆಯಲ್ಲಿ ಇದನ್ನು ಹೇಳಿದ್ದೆ. 'ಅದಕ್ಕೆ ಲೆಕ್ಕಶೀರ್ಷಿಕೆ ಇಲ್ಲ', ಅಂದರೆ ಬಜೆಟ್ಟಿನಲ್ಲಿ ಅಂಥ ಖರ್ಚಿಗೆ ಜಾಗವೇ ಇಲ್ಲ, ಎಂಬ ಉತ್ತರ ಬಂತು, ಅಲ್ಲಿಗೆ ಮುಗಿಯಿತು.

ಆಶ್ರಯ ಕೇಂದ್ರಗಳ ವಿಷಯ. 2010ರಲ್ಲಿ ಸುಪ್ರೀಂ ಕೋರ್ಟ್ ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ ದಿನದ 24 ಗಂಟೆ ತೆರೆದಿರುವ ಕೇಂದ್ರ ಬೇಕು ಎಂದು ಹೇಳಿತು. ಆಮೇಲೆ ಬಂದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಲಕ್ಷಕ್ಕೆ ಕನಿಷ್ಠ ನೂರು ಜನರಿಗೆ ಜಾಗ, ತಲೆಗೆ 50 ಚದರ ಅಡಿ ಎಂದು ಅಳತೆ ಕೊಟ್ಟಿತು. 2011ರಲ್ಲೇ ಮೈಸೂರಿನ ಜನಸಂಖ್ಯೆ ಸುಮಾರು ಒಂಬತ್ತು ಲಕ್ಷ, ಮಂಡ್ಯ ನಗರದ್ದು 1.3 ಲಕ್ಷದ ಮೇಲೆ. ಹಾಗಾದರೆ ಮೈಸೂರಿಗೆ ಒಂಬತ್ತು ಕೇಂದ್ರ, ಒಂಬೈನೂರು ಜನಕ್ಕೆ ಜಾಗ. ಮಂಡ್ಯಕ್ಕೆ ಕಡಿಮೆಯೆಂದರೂ ಒಂದು. ನಿಮ್ಮ ವಾರ್ಡಿನಲ್ಲಿ, ನಿಮ್ಮ ತವರಿನ ಪಟ್ಟಣದಲ್ಲಿ ಇದನ್ನು ಕೇಳಿ ನೋಡಿ. ಕಬ್ಬು ಕಡಿಯುವ ಕಾಲದಲ್ಲಿ ಬಳ್ಳಾರಿ ಕಡೆಯಿಂದ ಬರುವ ಕುಟುಂಬಗಳು ಗದ್ದೆ ಬದುವಿನಲ್ಲೇ ಟಾರ್ಪಾಲಿನಡಿ ಇರುತ್ತವೆ, ಆಲೆಮನೆ ಆಳುಗಳು ಒಲೆಯ ಪಕ್ಕದಲ್ಲೇ ಮಲಗುತ್ತಾರೆ. ಅವರನ್ನು ಮಂಡ್ಯದ ಯಾವ ಲೆಕ್ಕವೂ ಹಿಡಿಯುವುದಿಲ್ಲ.

ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಮೈಸೂರೇ ಸಾಕ್ಷಿ. 2020ರ ಲಾಕ್‌ಡೌನಿನಲ್ಲಿ ಬೀದಿಯಲ್ಲಿದ್ದವರನ್ನು ಕರೆದು ನಂಜರಾಜ ಬಹದ್ದೂರ್ ಛತ್ರದಲ್ಲಿ ಇಳಿಸಿದರು. ಊಟ, ಸ್ನಾನ, ಕ್ಷೌರ, ವೈದ್ಯರು, ಎಲ್ಲ ಕೆಲವೇ ದಿನದಲ್ಲಿ ಆಯಿತು. ಹೆದರಿಕೆ ಇದ್ದದ್ದು ರೋಗದ್ದು. ನೂರಿಪ್ಪತ್ತು ವರ್ಷದ ಹಿಂದೆಯೂ ಹೀಗೇ. 1898ರ ಪ್ಲೇಗ್ ಊರನ್ನು ನಡುಗಿಸಿದ ಮೇಲೆ 1903ರಲ್ಲಿ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು, ದೇಶದಲ್ಲೇ ಮೊದಮೊದಲಿನ ಇಂಥ ಸಂಸ್ಥೆಗಳಲ್ಲಿ ಒಂದು. ಗಾಳಿ, ಬೆಳಕು, ಚರಂಡಿ ಇರುವ ಹೊಸ ಬಡಾವಣೆಗಳು ಆಗ ಬಂದವು. ನಾವು ಮೆಚ್ಚಿಕೊಳ್ಳುವ ಅಗಲ ರಸ್ತೆಗಳ ಮೈಸೂರು ಅದರ ಫಲ. ಜನರ ವಸತಿಗೆ ಸರ್ಕಾರವೇ ದುಡ್ಡು ಹಾಕಬೇಕು ಎಂಬ ಮಾತು ಈ ಊರಿಗೆ ಹೊಸದಲ್ಲ.

ಫಿನ್ಲೆಂಡಿನ ಹೆಸರು ಈ ಚರ್ಚೆಯಲ್ಲಿ ಬಂದೇ ಬರುತ್ತದೆ. ಅವರು 2008ರಿಂದ ಹಿಡಿದ ದಾರಿ ಸರಳ. ಮೊದಲು ಕುಡಿತ ಬಿಡು, ಕೆಲಸ ಹುಡುಕು, ಆಮೇಲೆ ಮನೆ ಎನ್ನುವ ಬದಲು ಮೊದಲೇ ಬಾಡಿಗೆ ಕರಾರಿನ ಮನೆ ಕೊಟ್ಟು, ಉಳಿದ ನೆರವನ್ನು ಅಲ್ಲಿಗೇ ಕಳಿಸಿದರು. ರಾತ್ರಿ ತಂಗುದಾಣಗಳನ್ನೇ ಚಿಕ್ಕಚಿಕ್ಕ ಮನೆಗಳಾಗಿ ಮಾಡಿದರು. ಎಂಬತ್ತರ ದಶಕದಲ್ಲಿ 15 ಸಾವಿರ ಮೀರಿದ್ದ ಮನೆಯಿಲ್ಲದವರ ಸಂಖ್ಯೆ 4 ಸಾವಿರದೊಳಗೆ ಇಳಿಯಿತು. ಅದು ಐವತ್ತೈದು ಲಕ್ಷ ಜನರ ಶ್ರೀಮಂತ ದೇಶ, ಅವರ ದುಡ್ಡಿನ ಲೆಕ್ಕ ನಮಗೆ ಹೊಂದುವುದಿಲ್ಲ. ಬಾಗಿಲಿಗೆ ಚಿಲಕ ಇರುವ ಕೋಣೆ ಸಿಕ್ಕ ಮೇಲೆ ಮನುಷ್ಯ ಉಳಿದದ್ದನ್ನು ಸರಿಮಾಡಿಕೊಳ್ಳಲು ಶುರುಮಾಡುತ್ತಾನೆ ಎಂಬ ಅವರ ಅನುಭವ ಮಾತ್ರ ನಮ್ಮದೂ ಹೌದು.

ಹಾಗಾಗಿ ನಗರದ ಮಟ್ಟಿಗೆ ನಾನು ಕೇಳುವುದು ಬೇರೆ ರೀತಿಯ ಹೂಡಿಕೆ. ಪೇಟೆಯೊಳಗೆ ಉಳಿದಿರುವ ಸರ್ಕಾರಿ ಜಾಗಗಳನ್ನು ಹರಾಜಿಗೆ ಇಡುವ ಮುಂಚೆ ಅದರಲ್ಲೊಂದು ಪಾಲು ಬಾಡಿಗೆ ಮನೆಗೆ ಎತ್ತಿಡಿ. ಮಾರಬೇಡಿ, ಹಕ್ಕುಪತ್ರ ಮಾಡಿಕೊಡಬೇಡಿ, ಸರ್ಕಾರದ ಆಸ್ತಿಯಾಗಿಯೇ ಉಳಿಸಿಕೊಳ್ಳಿ. ಈ ಮಾತು ಒರಟಾಗಿ ಕೇಳಿಸಬಹುದು. ಆದರೆ ಕೊಟ್ಟ ಮನೆ ಹತ್ತು ವರ್ಷದಲ್ಲಿ ಇನ್ನೊಬ್ಬರ ಕೈಗೆ ಹೋಗುವುದನ್ನು ನೋಡಿದ್ದೇನೆ, ಆಸ್ಪತ್ರೆ ಖರ್ಚಿಗೋ ಮಗಳ ಮದುವೆಗೋ ಮಾರಿದವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಬಾಡಿಗೆ ಮನೆ ಒಂದು ಸಂಸಾರ ಬಿಟ್ಟರೆ ಇನ್ನೊಂದಕ್ಕೆ ಸಿಗುತ್ತದೆ. ಜೊತೆಗೆ ಪ್ರತಿ ವರ್ಷ ನಿರ್ವಹಣೆಗೆ ಹಣ ಇಡಿ, ಯಾಕೆಂದರೆ ಬಡವರ ಕಟ್ಟಡಗಳು ಹಾಳಾಗುವುದು ನೀರಿನ ಮೋಟಾರಿನಿಂದ, ತುಂಬಿದ ಚರಂಡಿ ಗುಂಡಿಯಿಂದ. ಗೋಡೆ ಬೀಳುವುದು ಆಮೇಲೆ.

ಈಗ ನಿಮ್ಮ ಅಜ್ಜಿಯ ಮಾತು. ಮೊದಲು ಒಂದು ಎಚ್ಚರಿಕೆ. ಆಶ್ರಯ ಕೇಂದ್ರ ಬೇರೆ, ನಿರಾಶ್ರಿತರ ಪರಿಹಾರ ಕೇಂದ್ರ ಬೇರೆ. ಎರಡನೆಯದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಭಿಕ್ಷೆ ಬೇಡುವವರನ್ನು ಹಿಡಿದು ಇರಿಸುವ ಜಾಗ. ನೀವು ಆಸ್ತಿ ತೆರಿಗೆ ಕಟ್ಟುವಾಗ ಅದಕ್ಕೆ ನೂರಕ್ಕೆ ಮೂರರಂತೆ ಕರವನ್ನೂ ಕಟ್ಟುತ್ತೀರಿ, ರಸೀದಿ ತೆಗೆದು ನೋಡಿ. ಅಜ್ಜಿ ಬೇಡುವವರಲ್ಲದಿದ್ದರೆ ಆ ಪರಿಹಾರ ಕೇಂದ್ರದ ವ್ಯಾನಿನವರಿಗೆ ಫೋನ್ ಮಾಡಬೇಡಿ, ಹೆದರಿ ಆ ಮೆಟ್ಟಿಲನ್ನೂ ಬಿಟ್ಟು ಹೋಗುತ್ತಾರೆ. ಪಾಲಿಕೆ ಕಚೇರಿಯಲ್ಲಿ ನಗರ ವಸತಿರಹಿತರ ಆಶ್ರಯ ಕೇಂದ್ರ ಎಲ್ಲಿದೆ, ಹೆಂಗಸರಿಗೆ ಜಾಗ ಇದೆಯೇ ಎಂದು ವಿಚಾರಿಸಿ, ಮೊದಲು ನೀವೊಬ್ಬರೇ ಹೋಗಿ ನೋಡಿಕೊಂಡು ಬನ್ನಿ. ಗಂಟು ಇಡಲು ಬೀಗದ ಪೆಟ್ಟಿಗೆ ಇದೆಯೇ ಎಂದು ತಪ್ಪದೆ ಕೇಳಿ. ಬೀದಿಯಲ್ಲಿರುವವರು ಕೇಂದ್ರಕ್ಕೆ ಬರಲು ಒಪ್ಪದಿರುವುದಕ್ಕೆ ನಾನು ಕೇಳಿದ ಕಾರಣಗಳಲ್ಲಿ ಗಂಟಿನ ಚಿಂತೆಯೇ ಮುಂದು.

ವಯಸ್ಸು 65 ದಾಟಿದ್ದರೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ, ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಅದಕ್ಕೆ ಆಧಾರ್ ಬೇಕು, ಆಧಾರಿಗೆ ವಿಳಾಸ ಬೇಕು. ಮಾನ್ಯತೆ ಇರುವ ಆಶ್ರಯ ಕೇಂದ್ರದ ಮುಖ್ಯಸ್ಥರು ಕೊಡುವ ಪ್ರಮಾಣಪತ್ರವನ್ನು ವಿಳಾಸದ ಪುರಾವೆಯಾಗಿ ಒಪ್ಪುತ್ತಾರೆ, ಹಾಗಾಗಿ ಕೇಂದ್ರದಲ್ಲಿ ಕೆಲವು ದಿನ ಇದ್ದರೂ ಒಂದು ದಾರಿ ತೆರೆಯುತ್ತದೆ. ಹಿರಿಯರ ಸಹಾಯವಾಣಿ 14567 ಇದೆ, ಅವರು ಇಂಥ ಓಡಾಟಕ್ಕೆ ನೆರವಾಗುತ್ತಾರೆ.

ಇನ್ನೂ ಒಂದು ಕೆಲಸವಿದೆ, ಇದು ಬಹಳ ಜನರಿಗೆ ತಿಳಿದಿಲ್ಲ. ಮನೆಯಿಲ್ಲದವರನ್ನೂ ಮತದಾರರ ಪಟ್ಟಿಗೆ ಸೇರಿಸಬೇಕು ಎಂಬುದು ಚುನಾವಣಾ ಆಯೋಗದ ನಿಯಮ. ನಮೂನೆ 6ರಲ್ಲಿ ಅವರು ಮಲಗುವ ಜಾಗವನ್ನೇ ವಿಳಾಸವಾಗಿ ಬರೆಯಬಹುದು. ಮತಗಟ್ಟೆ ಅಧಿಕಾರಿ ರಾತ್ರಿ ಹೊತ್ತು, ಒಂದಕ್ಕಿಂತ ಹೆಚ್ಚು ದಿನ ಬಂದು, ಅವರು ಅಲ್ಲೇ ಮಲಗುತ್ತಾರೆ ಎಂದು ಕಣ್ಣಾರೆ ನೋಡಿದರೆ ಸಾಕು, ವಾಸದ ಬೇರೆ ದಾಖಲೆ ಕೇಳುವಂತಿಲ್ಲ. ನಿಮ್ಮ ಮತಗಟ್ಟೆಯ ಅಧಿಕಾರಿ ಹತ್ತಿರದ ಶಾಲೆಯವರೋ ಅಂಗನವಾಡಿಯವರೋ ಆಗಿರುತ್ತಾರೆ, ನಿಮಗೆ ಪರಿಚಯವೂ ಇರಬಹುದು. ಅಜ್ಜಿಯನ್ನು ಮೊದಲು ಮಾತಾಡಿಸಿ, ಅವರು ಒಪ್ಪಿದರೆ ಮಾತ್ರ ಅರ್ಜಿ ಬರೆಯಿರಿ. ಅಧಿಕಾರಿ ಬರುವ ರಾತ್ರಿ ನೀವೂ ಆ ಮೆಟ್ಟಿಲ ಹತ್ತಿರ ಇರಿ, ಕತ್ತಲಲ್ಲಿ ಗುರುತಿಲ್ಲದವರು ಬಂದು ಹೆಸರು ಕೇಳಿದರೆ ಅವರು ಗಾಬರಿಯಾಗುತ್ತಾರೆ.